ಎರಡನೇ ಸಲ ಕರೆದಾಗ

ವಾಕ್ಯಭಾಗ: ಲೂಕ 14:16-24, ಯೋಹಾನ 21:1-19

  

ಇವತ್ತು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ನಮ್ಮ ಯೌವನಸ್ಥರಲ್ಲಿ ತುಂಬ ಜನ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯಿಂದ ಓದಲಿಕ್ಕೆ, ಕೆಲಸಕ್ಕೆ ಅಂತ ಪಟ್ಟಣಕ್ಕೆ ಬಂದವರು. ಅವರಲ್ಲಿ ಒಬ್ಬ ತಮ್ಮ ಕೇಳಿದ: "ಪಾಸ್ಟರ್, ಯೂತ್ ಕ್ಯಾಂಪಿನಲ್ಲಿ ನಾನು ಮೂರು ಸಲ ಕೈ ಎತ್ತಿದ್ದೇನೆ. ಮೂರು ಸಲವೂ ಅತ್ತಿದ್ದೇನೆ. ದೀಕ್ಷಾಸ್ನಾನ ಆಗಿದೆ. ಇಲ್ಲಿಗೆ ಬಂದ ಮೇಲೆ ಎರಡು ವರ್ಷ ಯೇಸುವಿನ ಹೆಸರೇ ಎತ್ತಲಿಲ್ಲ. ಆಫೀಸಿನಲ್ಲಿ ಒಬ್ಬರು ನೇರವಾಗಿ ಕೇಳಿದಾಗ, 'ನಾನು ಅಂಥದ್ದಕ್ಕೆಲ್ಲ ಹೋಗುವುದಿಲ್ಲ' ಅಂತ ಹೇಳಿಬಿಟ್ಟೆ. ಈಗ ನಾಲ್ಕನೇ ಸಲ ಕೈ ಎತ್ತಿದ್ರೆ ಅದಕ್ಕೆ ಬೆಲೆ ಉಂಟಾ? ಅಲ್ಲ, ದೇವರ ಹತ್ತಿರವೂ ನಾಟಕ ಆಡ್ತಾ ಇದ್ದೇನಾ?"

'ದೇವರು ಕರುಣಾಮಯಿ, ಬಾ ತಮ್ಮ' ಅಂತ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಅವನು ಕೇಳಿದ್ದು ದೇವರ ಕರುಣೆಯ ಬಗ್ಗೆ ಅಲ್ಲ, ತನ್ನ 'ಹೌದು' ಎಂಬ ಮಾತಿನ ಬೆಲೆಯ ಬಗ್ಗೆ. ಅದಕ್ಕೆ ಉತ್ತರ ಕೊಡಬೇಕು.

ಲೂಕನ ಸುವಾರ್ತೆ 14ರ ಔತಣದ ಸಾಮ್ಯ ನಮಗೆಲ್ಲ ಗೊತ್ತು. ಹೊಲ ಕೊಂಡವನು ಬರಲಿಲ್ಲ, ಐದು ಜೋಡಿ ಎತ್ತು ಕೊಂಡವನು ಬರಲಿಲ್ಲ, ಮದುವೆಯಾದವನು ಬರಲಿಲ್ಲ. ಈ ನೆಪಗಳ ಮೇಲೆ ಪ್ರಸಂಗ ಮಾಡಿ ಮಾಡಿ ನಾವು ಒಂದು ವಿಷಯ ಬಿಟ್ಟೇ ಬಿಡ್ತೇವೆ. 17ನೇ ವಚನ ನೋಡಿ. ಆಳು ಹೋಗಿ ಕರೆದದ್ದು ಹೊಸಬರನ್ನಲ್ಲ. ಮೊದಲೇ ಆಮಂತ್ರಣ ಸಿಕ್ಕಿದವರನ್ನು. ಆ ದೇಶದ ಪದ್ಧತಿ ಹಾಗೆ. ಮೊದಲು ಒಂದು ಹೇಳಿಕೆ, ಅಡುಗೆ ಆದ ಮೇಲೆ ಇನ್ನೊಂದು ಕರೆ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆ ಕಾಗದ ತಿಂಗಳ ಮೊದಲೇ ಮನೆಗೆ ಬರ್ತದೆ. 'ಖಂಡಿತ ಬರ್ತೇವೆ' ಅಂತ ಕಾಫಿ ಕೊಟ್ಟು ಕಳಿಸ್ತೇವೆ. ಆದರೆ ಹಾಲ್‌ನಲ್ಲಿ ಎಲೆ ಹಾಕಿ ಆದ ಮೇಲೆ ಮನೆಯ ಯಜಮಾನರು ಬಂದು 'ಏಳಿ, ಊಟಕ್ಕೆ' ಅಂತ ಕೈ ಹಿಡಿದು ಕರೀತಾರಲ್ಲ, ಆವಾಗ ಏಳಬೇಕು. ಕಾಗದ ಬಂದಾಗ ಹೇಳಿದ 'ಬರ್ತೇವೆ' ಸುಳ್ಳಾಗಿರಲಿಲ್ಲ. ಅದು ಬಾಕಿ ಇತ್ತು, ಅಷ್ಟೇ.

ಹಾಗಾಗಿ ತಮ್ಮನಿಗೆ ಮೊದಲ ಉತ್ತರ: ಕ್ಯಾಂಪಿನಲ್ಲಿ ನೀನು ಎತ್ತಿದ ಕೈ ನಾಟಕ ಅಲ್ಲ. ಅದು ಕಾಗದ ತೆಗೆದುಕೊಂಡ ಕೈ. ಈಗ ಎಲೆ ಹಾಕಿದ್ದಾರೆ. ಪ್ರಕಟನೆ 3:20ರಲ್ಲಿ ಕರ್ತನು ಬಾಗಿಲ ಹತ್ತಿರ ನಿಂತು ತಟ್ಟುವ ಮಾತನ್ನು ನಾವು ಯಾವಾಗಲೂ ಅವಿಶ್ವಾಸಿಗಳಿಗೆ ಹೇಳ್ತೇವೆ. ಆದರೆ ಆ ಪತ್ರ ಬರೆದದ್ದು ಲವೊದಿಕೀಯದ ಸಭೆಗೆ. ಒಳಗೆ ಆರಾಧನೆ ನಡೀತಾ ಉಂಟು, ಕರ್ತನು ಹೊರಗೆ ನಿಂತಿದ್ದಾನೆ. ಎರಡನೇ ಕರೆ ಬರುವುದು ಮನೆಯವರಿಗೇ.

ಇಷ್ಟಕ್ಕೆ ಮುಗಿಯುವುದಿಲ್ಲ. ಬಾರದೆ ಉಳಿದವನ ವಿಷಯ ಬೇರೆ. ಬಾಯಿ ಬಿಟ್ಟು 'ನಾನು ಅವನವನಲ್ಲ' ಎಂದವನ ಗತಿ ಏನು? ಇದನ್ನು ತಿಳಿಯಲಿಕ್ಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ಊರಿನ ದಾರಿಯಲ್ಲೇ ಹೋಗೋಣ.

1784. ಎರಡನೇ ಆಂಗ್ಲೋ-ಮೈಸೂರು ಯುದ್ಧ ಮುಗಿಯುವ ಹೊತ್ತು. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರು ಅಂತ ಟಿಪ್ಪು ಸುಲ್ತಾನನಿಗೆ ಸಂಶಯ. ಆ ವರ್ಷದ ಬೂದಿ ಬುಧವಾರದ ಹೊತ್ತಿಗೆ ಅವರನ್ನು ಹಿಡಿಯುವ ಕೆಲಸ ಶುರುವಾಯಿತು. ಹತ್ತಾರು ಸಾವಿರ ಜನ. ಗಂಡಸರು, ಹೆಂಗಸರು, ಎತ್ತಿಕೊಂಡ ಮಕ್ಕಳು. ಆಸ್ತಿ ಹೋಯಿತು, ಚರ್ಚುಗಳನ್ನು ಕೆಡವಿದರು, ಪಾದ್ರಿಗಳನ್ನು ಗಡಿಪಾರು ಮಾಡಿದರು. ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣದವರೆಗೆ ನಡೆಸಿಕೊಂಡು ಹೋದರು. 300 ಕಿಲೋಮೀಟರ್‌ಗೂ ಹೆಚ್ಚು ದಾರಿ, ಸುಮಾರು ಆರು ವಾರ. ಒಂದು ಗುಂಪು ಹೋದದ್ದು ಬಂಟ್ವಾಳದ ದಾರಿ ಹಿಡಿದು ಕೊಡಗಿನ ಮೂಲಕ ಅಂತ ಹೇಳ್ತಾರೆ. ದಾರಿಯಲ್ಲೇ ಎಷ್ಟೋ ಜನ ಸತ್ತರು. ನೀವು ರಾತ್ರಿ ಬಸ್ಸಿನಲ್ಲಿ ಬಿ.ಸಿ.ರೋಡ್ ದಾಟುವಾಗ ಕಂಬಳಿ ಹೊದ್ದು ನಿದ್ದೆ ಮಾಡ್ತಾ ಇರ್ತೀರಿ.

ಸೆರೆ ಮುಗಿದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಹದಿನೈದು ವರ್ಷ. ಬೆಳ್ತಂಗಡಿಯವರಿಗೆ ಲೆಕ್ಕ ಸಿಗಲಿಕ್ಕೆ ಒಂದು ಗುರುತು ಹೇಳ್ತೇನೆ. ನೀವು ಟ್ರೆಕ್ಕಿಂಗ್ ಹೋಗಿ ಫೋಟೋ ಹಾಕುವ ಗಡಾಯಿಕಲ್ಲು ಉಂಟಲ್ಲ, ಅದರ ಮೇಲಿನ ಜಮಾಲಾಬಾದ್ ಕೋಟೆಯನ್ನು ಟಿಪ್ಪು ಕಟ್ಟಿಸಿದ್ದು 1794ರಲ್ಲಿ. ಆಗ ಈ ಜನ ಸೆರೆಯಲ್ಲಿ ಹತ್ತನೇ ವರ್ಷ ಕಳೀತಾ ಇದ್ದರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗ್ತೇನೆ. ಈ ಇತಿಹಾಸವನ್ನು ವಾಟ್ಸಾಪಿನಲ್ಲಿ ಪಕ್ಕದ ಮನೆಯ ಮುಸ್ಲಿಮರನ್ನು ಬೈಯಲಿಕ್ಕೆ ಉಪಯೋಗಿಸಬೇಡಿ. ಇದೇ ಸುಲ್ತಾನ ಶೃಂಗೇರಿ ಮಠಕ್ಕೆ ಸಹಾಯ ಕಳಿಸಿದವನು ಕೂಡ. ಅರಸರ ಲೆಕ್ಕಾಚಾರಕ್ಕೆ ನಮ್ಮ ನೆರೆಮನೆಯವರು ಉತ್ತರ ಕೊಡಬೇಕಾಗಿಲ್ಲ. ಇನ್ನೊಂದು, 'ಅವರು ಕಥೊಲಿಕರು, ನಾವು ಪೆಂತೆಕೊಸ್ತಿನವರು, ನಮಗೆ ಎಂತ?' ಅಂತಲೂ ಕೇಳಬೇಡಿ. ಯೇಸುವಿನ ಹೆಸರಿಗಾಗಿ ಮನೆ ಕಳೆದುಕೊಂಡವರ ಮುಂದೆ ನಮ್ಮ ಸಂಘಗಳ ಬೋರ್ಡು ಬಹಳ ಸಣ್ಣದು.

ಈಗ ವಿಷಯಕ್ಕೆ ಬರ್ತೇನೆ. ಸೆರೆಯಲ್ಲಿ ಅವರನ್ನು ಬಲವಂತವಾಗಿ ಮತಾಂತರ ಮಾಡಿದರು. ಸುನ್ನತಿ ಮಾಡಿಸಿದರು, ಹೆಸರು ಬದಲಾಯಿಸಿದರು, ಹುಡುಗರನ್ನು ಸೈನ್ಯಕ್ಕೆ ಸೇರಿಸಿದರು. ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೀಗೆ ಚದರಿಹೋದ ಕ್ರೈಸ್ತರನ್ನು ಮತ್ತೆ ಸಭೆಗೆ ಸೇರಿಸುವ ಕೆಲಸಕ್ಕೆ ಒಬ್ಬ ಫ್ರೆಂಚ್ ಪಾದ್ರಿಯನ್ನು ಕರೆಸಿದರು. ಅವರ ಹೆಸರು ಅಬ್ಬೆ ದ್ಯುಬುವಾ. ಹಿಂದೂಗಳ ಆಚಾರ ವಿಚಾರಗಳ ಮೇಲೆ ದೊಡ್ಡ ಪುಸ್ತಕ ಬರೆದವರು ಅಂತ ಇತಿಹಾಸ ಓದಿದವರಿಗೆ ಗೊತ್ತಿರಬಹುದು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಈ ಜನರ ಬಗ್ಗೆ ಬರೆದದ್ದು ಕಠಿಣವಾದ ಮಾತು. ಇಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಒಬ್ಬನೂ ರಕ್ತಸಾಕ್ಷಿ ಆಗಲಿಲ್ಲ ಅಂತ ಅವರು ನಾಚಿಕೆಯಿಂದ ಬರೀತಾರೆ. ತಮ್ಮ ಹತ್ತಿರ ತಿರುಗಿ ಬಂದವರು ಸುಮಾರು 2,000 ಜನ, ಮಂಗಳೂರು ಸೀಮೆಗೆ ಹಿಂದಿರುಗಿ ಆರಾಧನಾಲಯಗಳನ್ನು ಪುನಃ ಕಟ್ಟಿದವರು ಸುಮಾರು 20,000 ಅಂತ ಅವರದೇ ಲೆಕ್ಕ. ತಿರುಗಿ ಬಂದವರು ಹೇಳಿದ್ದು ಏನು ಗೊತ್ತುಂಟಾ? ನಾವು ಬಿಟ್ಟದ್ದು ಹೊರಗಿನಿಂದ ಮಾತ್ರ, ಹೃದಯದಲ್ಲಿ ಕ್ರಿಸ್ತನ ನಂಬಿಕೆಯನ್ನು ಇಟ್ಟುಕೊಂಡೇ ಇದ್ದೆವು ಅಂತ.

ಈ ಮಾತು ಎಲ್ಲೋ ಕೇಳಿದ ಹಾಗೆ ಆಗ್ತದಾ? ನಾವೂ ಹೇಳ್ತೇವೆ. 'ಪಾಸ್ಟರ್, ಸಭೆಗೆ ಬರದಿದ್ದರೇನು, ಹೃದಯದಲ್ಲಿ ಉಂಟಲ್ಲ.' 'ದೇವರು ನೋಡುವುದು ಒಳಗಿನದ್ದನ್ನು.' 'ನಂಬಿಕೆ ಪರ್ಸನಲ್.'

ಆ ಪಾದ್ರಿಗೆ ಈ ಮಾತು ಹಿಡಿಸಲಿಲ್ಲ. ಇನ್ನೊಂದು ಸಲ ಇಂಥ ಶೋಧನೆ ಬಂದರೆ ಇವರು ಹಾಗೆಯೇ ಮಾಡುವರು ಅಂತ ಅವರಿಗೆ ಭಯ. ನನಗೆ ಅನಿಸುವುದು, ಅವರ ತೀರ್ಪು ಅರ್ಧ ಮಾತ್ರ ಸರಿ. ಕತ್ತಿ ಕುತ್ತಿಗೆಯ ಮೇಲೆ ಇದ್ದಾಗ, ಕಂಕುಳಲ್ಲಿ ಮಗು ಇದ್ದಾಗ ತಾಯಿ ಒಬ್ಬಳು ಹೇಳಿದ 'ಇಲ್ಲ'ವನ್ನು ನಾನು ತೂಕಕ್ಕೆ ಹಾಕುವುದಿಲ್ಲ. ಬಲವಂತದಿಂದ ಹೇಳಿಸಿದ 'ಹೌದು' ಹೌದಲ್ಲ ಅಂತ ನಾವು ಒಪ್ಪುತ್ತೇವೆ. ಹಾಗಾದರೆ ಬಲವಂತದಿಂದ ಹೇಳಿಸಿದ 'ಇಲ್ಲ' ಮಾತ್ರ ಪೂರ್ತಿ ಇಲ್ಲ ಹೇಗೆ ಆದೀತು?

ಆದರೆ ತಿರುಗಿ ಬಂದವರ ಮಾತನ್ನೂ ನಾನು ಹಾಗೇ ತೆಗೆದುಕೊಳ್ಳುವುದಿಲ್ಲ. ಯಾಕೆಂದರೆ ಅವರ ಕಾಲುಗಳು ಬೇರೆ ಮಾತು ಹೇಳಿದವು. ಹೃದಯದಲ್ಲಿ ಇದ್ದದ್ದೇ ಸಾಕಾಗಿದ್ದರೆ ಅವರು ಶ್ರೀರಂಗಪಟ್ಟಣದಲ್ಲೇ ಇರಬಹುದಿತ್ತು. ಹದಿನೈದು ವರ್ಷ ಅಂದರೆ ಒಂದು ಸಂಸಾರ ಬೇರು ಬಿಡುವಷ್ಟು ಕಾಲ. ಹೊಸ ಹೆಸರು ಅಭ್ಯಾಸ ಆಗಿತ್ತು. ಊರಿನ ಜಮೀನು ಬೇರೆಯವರ ಕೈಯಲ್ಲಿ, ಚರ್ಚು ಇದ್ದಲ್ಲಿ ಕಲ್ಲಿನ ರಾಶಿ. ಆದರೂ ಬಂದರು. ಪಾದ್ರಿಯ ಎದುರು ನಿಂತರು, ಬಾಯಿಬಿಟ್ಟು ಹೇಳಿದರು, ಘಟ್ಟ ಇಳಿದು ಬಂದು ಗೋಡೆ ಎತ್ತಿದರು. 'ಒಳಗೆ ಇದ್ದರೆ ಸಾಕು' ಅಂತ ಬಾಯಿ ಹೇಳಿತು, 'ಸಾಲದು' ಅಂತ ಅವರ ಪಾದ ಹೇಳಿತು. ನಾನು ಪಾದವನ್ನು ನಂಬುತ್ತೇನೆ.

ರೋಮಾಪುರದವರಿಗೆ ಬರೆದ ಪತ್ರ 10:9-10ರಲ್ಲಿ ಪೌಲನು ಹೃದಯವನ್ನೂ ಬಾಯನ್ನೂ ಜೊತೆಯಲ್ಲೇ ಇಡುತ್ತಾನೆ. ಒಂದನ್ನು ಇನ್ನೊಂದಕ್ಕೆ ಬದಲಿ ಕೊಡಲಿಕ್ಕೆ ಆಗುವುದಿಲ್ಲ.

ಸಭೆಗೆ ಇದು ಹೊಸ ಪ್ರಶ್ನೆಯೂ ಅಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್, ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಕೊಟ್ಟು ಚೀಟಿ ಪಡೆಯಬೇಕು ಅಂತ ಆಜ್ಞೆ ಹೊರಡಿಸಿದ. ಅಂಥ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ನಲವತ್ತಕ್ಕಿಂತ ಹೆಚ್ಚು ಸಿಕ್ಕಿವೆ. ಕೆಲವು ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಜಾಣರು; ಬಲಿ ಕೊಡಲಿಲ್ಲ, ಅಧಿಕಾರಿಗೆ ಲಂಚ ಕೊಟ್ಟು ಚೀಟಿ ಮಾತ್ರ ಮಾಡಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಎಲ್ಲರೂ ಸಭೆಯ ಬಾಗಿಲಿಗೆ ಬಂದು ನಿಂತರು. ರೋಮಿನಲ್ಲಿ ನೊವಾಸಿಯನ್ ಎಂಬವನು ಇವರಿಗೆ ಬಾಗಿಲೇ ಇಲ್ಲ ಅಂದ. ಬೇರೆ ಕೆಲವರು, ಏನೂ ಆಗಲೇ ಇಲ್ಲ ಎಂಬ ಹಾಗೆ ಒಳಗೆ ಸೇರಿಸಿಬಿಡೋಣ ಅಂದರು. ಕಾರ್ತೇಜಿನ ಸಭಾಧ್ಯಕ್ಷ ಸಿಪ್ರಿಯಾನನು ಎರಡೂ ಬೇಡ ಅಂದ. ಬಾಗಿಲು ಉಂಟು, ಆದರೆ ಅದರೊಳಗೆ ನಡೆದು ಬರಬೇಕು; ಪಶ್ಚಾತ್ತಾಪ ಸಭೆಯ ಕಣ್ಣ ಮುಂದೆ ಆಗಬೇಕು ಅಂದ. ಚೀಟಿ ಕೊಂಡವರಿಗೂ ಅದೇ ಮಾತು. ಈ ಸಿಪ್ರಿಯಾನನೇ 250ರಲ್ಲಿ ಅಡಗಿಕೊಂಡಿದ್ದವನು, ಅದಕ್ಕಾಗಿ ಬೈಗುಳ ತಿಂದವನು. 258ರಲ್ಲಿ ಮತ್ತೆ ಹಿಂಸೆ ಬಂದಾಗ ಅಡಗಲಿಲ್ಲ. ಅವನ ತಲೆ ಕಡಿದರು.

ಈ ಎರಡನೇ ಜಾತಿಯವರೇ, ಚೀಟಿ ಕೊಂಡ ಜಾಣರೇ, ನನಗೆ ನಮ್ಮ ಕಾಲದವರ ಹಾಗೆ ಕಾಣುವುದು. ನಮಗೆ ಯಾರೂ ಕತ್ತಿ ತೋರಿಸಿಲ್ಲ. ಟೀಮಿನವರು ನಗ್ತಾರೆ ಅಂತ, ಹುಡುಗಿ ಏನೆಂದುಕೊಳ್ತಾಳೋ ಅಂತ, ಪ್ರೊಫೈಲಿನಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ನಾವು ಚೀಟಿ ಮಾಡಿಸಿಕೊಳ್ತೇವೆ. ಭಾನುವಾರ ಊರಿನಿಂದ ಅಮ್ಮ ಫೋನ್ ಮಾಡಿದಾಗ ತೋರಿಸಲಿಕ್ಕೆ ಬೇರೆಯೇ ಚೀಟಿ: 'ಹಾಂ ಅಮ್ಮ, ಸಭೆಗೆ ಹೋಗಿದ್ದೆ.'

ಆದರೆ ಎಲ್ಲರ ಮೌನವೂ ಒಂದೇ ಅಲ್ಲ, ಇದನ್ನು ಎಚ್ಚರದಿಂದ ಕೇಳಿ. ನಮ್ಮ ಜಿಲ್ಲೆಯಲ್ಲಿ 2008ರ ಸೆಪ್ಟೆಂಬರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದದ್ದು ನೆನಪಿರುವವರು ಇಲ್ಲಿ ಇದ್ದಾರೆ. ಮನೆಯಲ್ಲಿ ತಾನೊಬ್ಬಳೇ ನಂಬಿದ ತಂಗಿಯರು ಇದ್ದಾರೆ. ಬೈಬಲನ್ನು ಬಟ್ಟೆಯ ಕೆಳಗೆ ಇಟ್ಟು ಓದುವವರು. ಅವರಿಗೆ ನಾನು 'ನಾಳೆಯೇ ಮನೆಯಲ್ಲಿ ಸಾರಿಬಿಡು' ಅಂತ ಹೇಳುವ ಪಾಸ್ಟರ್ ಅಲ್ಲ. 2 ಅರಸುಗಳು 5ರಲ್ಲಿ ನಾಮಾನನು ಎಲೀಷನಿಗೆ ಏನು ಕೇಳಿದ? ನನ್ನ ಅರಸನು ರಿಮ್ಮೋನನ ಗುಡಿಯಲ್ಲಿ ನನ್ನ ಕೈಯ ಮೇಲೆ ಭಾರ ಹಾಕಿ ಬಗ್ಗುವಾಗ ನಾನೂ ಬಗ್ಗಬೇಕಾಗ್ತದೆ, ಅದನ್ನು ಯೆಹೋವನು ಕ್ಷಮಿಸಲಿ ಅಂತ. ಪ್ರವಾದಿ ಅವನನ್ನು ಗದರಿಸಲಿಲ್ಲ, ಸಮಾಧಾನದಿಂದ ಕಳಿಸಿಕೊಟ್ಟ. ನಿಕೊದೇಮನು ಯೋಹಾನ 3ರಲ್ಲಿ ರಾತ್ರಿ ಬಂದ; 19ನೇ ಅಧ್ಯಾಯದಲ್ಲಿ ಶಿಲುಬೆಯ ಹತ್ತಿರ, ಶಿಷ್ಯರೇ ಚದರಿಹೋಗಿದ್ದಾಗ, ಸುಗಂಧದ್ರವ್ಯ ಹೊತ್ತು ಬಂದ. ದೇವರು ಕೆಲವರಿಗೆ ರಾತ್ರಿಯ ಕಾಲ ಕೊಡ್ತಾನೆ.

ವ್ಯತ್ಯಾಸ ಎಲ್ಲಿ? ನಾಮಾನನು ಬಗ್ಗುವುದಕ್ಕಿಂತ ಮೊದಲೇ ಅದನ್ನು ದೇವರ ಮನುಷ್ಯನ ಮುಂದೆ ಇಟ್ಟ. ಅವನು ಅದಕ್ಕೆ ಜಾಣತನ ಅಂತ ಹೆಸರು ಕೊಡಲಿಲ್ಲ, ಕ್ಷಮೆ ಬೇಕಾದ ವಿಷಯ ಅಂತ ಹೇಳಿದ. ನಿಮ್ಮ ಮೌನವನ್ನು ನೀವು ದೇವರ ಮುಂದೆ ಇಡಬಲ್ಲಿರಾ? ಅದು ಅಪಾಯದ ಮೌನವೋ, ಅನುಕೂಲದ ಮೌನವೋ? ಅದನ್ನು ನಾನು ನಿಮ್ಮ ಮುಖ ನೋಡಿ ಹೇಳಲಾರೆ. ನಿಮಗೆ ಗೊತ್ತುಂಟು.

ಮೂಡಬಿದ್ರೆಯವರು ಕೇಳಬೇಕು, ನಿಮ್ಮ ಊರಿನ ಮಾತು ಒಂದು ಉಳಿದಿದೆ. ಆ ಸೆರೆಯ ಕಾಲದಲ್ಲಿ ಕರಾವಳಿಯ ಚರ್ಚುಗಳನ್ನು ಕೆಡವುವಾಗ ಮೂಡಬಿದ್ರೆ ಹತ್ತಿರದ ಹೊಸಬೆಟ್ಟಿನ ಹೋಲಿ ಕ್ರಾಸ್ ಚರ್ಚು ಉಳಿಯಿತು. ಚೌಟ ಅರಸರು ಮಧ್ಯೆ ಬಂದು ಮಾತಾಡಿದ್ದರಿಂದ ಉಳಿಯಿತು ಅಂತ ಇತಿಹಾಸ ಬರೆದವರು ಹೇಳ್ತಾರೆ. ಚೌಟರು ಜೈನರು. ಅವರಿಗೆ ಆ ಕಟ್ಟಡದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಚರ್ಚಿನ ಜನ ಸೆರೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ, ಆ ಚರ್ಚಿನ ಪರವಾಗಿ ಬಾಯಿ ತೆರೆದದ್ದು ಒಬ್ಬ ಜೈನ ಅರಸ. ತಿರುಗಿ ಬಂದವರಿಗೆ ಅಲ್ಲಿ ಒಂದು ಛಾವಣಿ ಕಾಯ್ತಾ ಇತ್ತು. ಚೌಟರ ಅರಮನೆಯ ಮರದ ಕಂಬಗಳ ಕೆತ್ತನೆ ನೋಡಲಿಕ್ಕೆ ಹೋಗುವವರು ಇದನ್ನೂ ನೆನಪು ಮಾಡಿಕೊಳ್ಳಿ. ನಾವು ಬಿಟ್ಟು ಹೋದ ಜಾಗವನ್ನು ದೇವರು ಯಾರ ಕೈಯಿಂದ ಕಾಯಿಸಿ ಇಡ್ತಾನೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಹಾಗೆ ಕಾಯ್ತಾ ಇದ್ದ ಇನ್ನೊಂದು ಜಾಗ ಯೋಹಾನ 21ರಲ್ಲಿ ಉಂಟು. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಚಳಿ ಕಾಯಿಸಿಕೊಳ್ತಾ ಮೂರು ಸಲ ಇಲ್ಲ ಅಂದದ್ದು ಇದ್ದಲಿನ ಬೆಂಕಿಯ ಹತ್ತಿರ. ಯೋಹಾನನು ಆ ಬೆಂಕಿಯನ್ನು 18ನೇ ಅಧ್ಯಾಯದಲ್ಲಿ ಹೇಳ್ತಾನೆ. 21ರಲ್ಲಿ ದಡದ ಮೇಲೆ ಮತ್ತೆ ಇದ್ದಲಿನ ಬೆಂಕಿ, ಮೀನು, ರೊಟ್ಟಿ. ಈ ಸಲ ಹೊತ್ತಿಸಿಟ್ಟವನು ಕರ್ತನು. ಬೈಯುವುದಿಲ್ಲ, ಮೊದಲು ಊಟಕ್ಕೆ ಕರೀತಾನೆ. ಕರಾವಳಿಯವರಿಗೆ ಕೆಂಡದ ಮೇಲಿನ ಮೀನಿನ ವಾಸನೆ ನಾನು ಹೇಳಬೇಕಾ? ರಾತ್ರಿಯಿಡೀ ಬಲೆ ಹಾಕಿದವರ ಹೊಟ್ಟೆಗೆ ಅದು ಹೇಗಿದ್ದಿರಬಹುದು.

ಊಟ ಆದ ಮೇಲೆ ಪ್ರಶ್ನೆ ಬಂತು. 'ಯಾಕೆ ಹಾಗೆ ಹೇಳಿದೆ?' ಅಂತ ಕೇಳಲಿಲ್ಲ. 'ಇನ್ನು ಮುಂದೆ ಹೇಳುವುದಿಲ್ಲ ಅಂತ ಮಾತು ಕೊಡು' ಅಂತಲೂ ಇಲ್ಲ. ನನ್ನನ್ನು ಪ್ರೀತಿಸ್ತೀಯಾ ಅಂತ ಕೇಳಿದ, ಮೂರು ಸಲ ಕೇಳಿದ. ಮೂರನೇ ಸಲಕ್ಕೆ ಪೇತ್ರನಿಗೆ ದುಃಖವಾಯಿತು. ಇಲ್ಲಿ ಗಮನಿಸಿ, ಮೂರು ಸಲ 'ಇಲ್ಲ' ಎಂದ ಬಾಯಿಯಿಂದಲೇ ಮೂರು ಸಲ 'ಹೌದು' ಬರಬೇಕಿತ್ತು, ಅದೂ ಬೇರೆ ಶಿಷ್ಯರು ಇರುವಾಗಲೇ. 'ನಿನ್ನ ಹೃದಯ ನನಗೆ ಗೊತ್ತುಂಟು, ಬಿಡು' ಅಂತ ಕರ್ತನು ಹೇಳಬಹುದಿತ್ತು. ಪೇತ್ರನೇ ಹಾಗೆ ಹೇಳಿದ, ಕರ್ತನೇ ನಿನಗೆ ಎಲ್ಲ ಗೊತ್ತು ಅಂತ. ಆದರೂ ಕರ್ತನು ಬಾಯಿಂದ ಕೇಳಿಸಿಕೊಂಡ, ಕೇಳಿಸಿಕೊಂಡು ಕೆಲಸ ಕೊಟ್ಟ: ಕುರಿಗಳನ್ನು ಮೇಯಿಸು.

ತಮ್ಮಾ, ನಿನ್ನ ನಾಲ್ಕನೇ ಸಲದ ಬೆಲೆ ಕೇಳಿದೆಯಲ್ಲ. ಕಣ್ಣೀರು ಬಂತಾ, ಮೈ ನಡುಗಿತಾ, ಅನ್ಯಭಾಷೆ ಬಂತಾ ಅಂತ ನಾನು ಅಳೆಯುವುದಿಲ್ಲ. ಬಂದರೆ ಸ್ತೋತ್ರ, ಪವಿತ್ರಾತ್ಮನ ಅಭಿಷೇಕಕ್ಕಾಗಿ ನಾವು ಕಾಯುವ ಜನವೇ. ಆದರೆ ಕಳೆದ ಮೂರು ಸಲವೂ ನೀನು ಆ ಸಂಜೆಯ ಅನಿಸಿಕೆಗೆ 'ಹೌದು' ಅಂದೆ. ಅನಿಸಿಕೆ ಸೋಮವಾರ ಹೋಯಿತು, ಅದರ ಜೊತೆಗೆ 'ಹೌದು' ಕೂಡ ಹೋಯಿತು. ಈ ಸಲ ಯಾರು ಕರೆದನೋ ಅವನಿಗೆ ಹೇಳು. ಎಲ್ಲಿ 'ಇಲ್ಲ' ಅಂದೆಯೋ ಅಲ್ಲಿಗೇ ನಡೆದು ಹೋಗಿ ಹೇಳು. ಆ ಆಫೀಸಿನವರ ಹತ್ತಿರ ಪ್ರಸಂಗ ಮಾಡಬೇಡ. ಚಹಾ ಕುಡಿಯುವಾಗ, 'ಅವತ್ತು ನೀವು ಕೇಳಿದಿರಿ, ನಾನು ಇಲ್ಲ ಅಂದೆ, ಅದು ನಿಜ ಅಲ್ಲ. ನಾನು ಯೇಸುವನ್ನು ನಂಬಿದವನು' ಅಂತ ಹೇಳಿದರೆ ಸಾಕು. ಅರ್ಧ ನಿಮಿಷ. ನಗಬಹುದು, ನಗಲಿ.

ಈಗ ಸಂಗೀತದವರು ಮೆಲ್ಲಗೆ ನುಡಿಸಲಿ, ಹಾಡುವುದು ಬೇಡ. ಇವತ್ತು ಕಣ್ಣು ಮುಚ್ಚಿ ಕೈ ಎತ್ತಲಿಕ್ಕೆ ನಾನು ಹೇಳುವುದಿಲ್ಲ. ಕಣ್ಣು ತೆರೆದೇ ಇರಲಿ. ಮುಂದೆ ಬರಬೇಕು ಅನಿಸಿದವರು ಬನ್ನಿ, ಹಿರಿಯರು ನಿಮ್ಮ ಜೊತೆ ಪ್ರಾರ್ಥನೆ ಮಾಡ್ತಾರೆ. ಮನೆಯಲ್ಲಿ ಹೇಳಲಿಕ್ಕೆ ಆಗದ ತಂಗಿಯರು ಆರಾಧನೆ ಆದ ಮೇಲೆ ಅಕ್ಕಂದಿರ ಹತ್ತಿರ ಒಂದು ಮಾತು ಹೇಳಿ ಹೋಗಿ, ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ. ಇನ್ನು ಬೆಳಿಗ್ಗೆ ಅಮ್ಮನಿಗೆ ಫೋನಿನಲ್ಲಿ ಚೀಟಿ ತೋರಿಸಿದವರು ಯಾರಾದರೂ ಕೇಳ್ತಾ ಇದ್ದರೆ, ಇದನ್ನು ನಿಲ್ಲಿಸಿ ಮೊದಲು ಊರಿಗೆ ಒಂದು ಕಾಲ್ ಮಾಡಿ. ನಾವು ಕಾಯ್ತೇವೆ.